ಟೇಕ್ ಎಂಬ ಧಾತು, ಅಪ್ ಎಂಬ ಉಪಸರ್ಗ

ಕಾಶಿಯಲ್ಲಿ ಸಂಜೆ ಹೊತ್ತು ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವ ಕನ್ನಡದ ಹುಡುಗ ಹುಡುಗಿಯರು ಮೂರು ಬಗೆ. ಹನುಮಾನ್ ಘಾಟ್, ಕೇದಾರ ಘಾಟ್ ಕಡೆಯ ಗಲ್ಲಿಗಳಲ್ಲಿದ್ದು ವೇದವನ್ನೋ ವ್ಯಾಕರಣವನ್ನೋ ಓದುವವರು ಒಂದು ಬಗೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ನರ್ಸಿಂಗ್ ಓದುವವರು ಇನ್ನೊಂದು. ಮೂರನೆಯವರು ದುಡಿಮೆಯವರು: ಹೋಟೆಲಿನ ಕೌಂಟರಿನಲ್ಲಿ ಕೂರುವವರು, ಯಾತ್ರಿಕರಿಗೆ ಊರು ತೋರಿಸುವವರು. ಈ ಊರಿಗೆ ಕನ್ನಡ ಹೊಸದೇನಲ್ಲ. ವೀರಶೈವರ ಜಂಗಮವಾಡಿ ಮಠ ಇದೆ. ಹನುಮಾನ್ ಘಾಟಿಗೆ ಅಂಟಿಕೊಂಡೇ ಮೈಸೂರು ಸಂಸ್ಥಾನದ ನೆನಪಿನ ಕರ್ನಾಟಕ ಘಾಟ್ ಇದೆ. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಾಧಿಪತಿಯಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು.

ಮೂರೂ ಬಗೆಯವರು ಎಡವುವುದು ಮಾತ್ರ ಒಂದೇ ಕಡೆ. ಟೇಕ್ ಗೊತ್ತು, ಆಫ್ ಗೊತ್ತು, ಟೇಕ್ ಆಫ್ ಗೊತ್ತಿಲ್ಲ. ಗಿವ್ ಗೊತ್ತು, ಅಪ್ ಗೊತ್ತು, ಗಿವ್ ಅಪ್ ಅಂದರೆ ಮೇಲಕ್ಕೆ ಕೊಡುವುದೇ ಎಂಬ ಅನುಮಾನ. ಇದು ನಮ್ಮವರ ದಡ್ಡತನವಲ್ಲ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟಿಗೆ ಮುನ್ನುಡಿ ಬರೆದ ಸ್ಯಾಮುಯೆಲ್ ಜಾನ್ಸನ್, ಹೊರಗಿನವರಿಗೆ ಈ ಭಾಷೆಯಲ್ಲಿ ಎಲ್ಲಕ್ಕಿಂತ ಕಷ್ಟ ಕೊಡುವುದು ಕ್ರಿಯಾಪದದ ಹಿಂದೆ ಅಂಟಿ ಅರ್ಥ ಬದಲಿಸುವ ಈ ಕಿರುಪದಗಳೇ ಎಂದು ಆಗಲೇ ಗುರುತಿಸಿದ್ದ. 'ಫ್ರೇಸಲ್ ವರ್ಬ್' ಎಂಬ ಹೆಸರು ಬಂದದ್ದು ಬಹಳ ತಡವಾಗಿ, 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಲ್ಲಿ.

ಇಲ್ಲಿ ಕಲಿಸುತ್ತ ಕಲಿಸುತ್ತ ನನಗೆ ಖಚಿತವಾದ ಸಂಗತಿ ಒಂದೇ. ಇದಕ್ಕೆ ಬೇಕಾದ ಬುದ್ಧಿ ನಮ್ಮ ಮಕ್ಕಳಲ್ಲಿ ಆಗಲೇ ಇದೆ. ಅರ್ಧ ಸಂಸ್ಕೃತದಿಂದ ಬಂದದ್ದು, ಅರ್ಧ ಕನ್ನಡದಿಂದಲೇ ಬಂದದ್ದು. ಅದನ್ನು ಇಂಗ್ಲಿಷ್ ಕ್ಲಾಸಿಗೂ ತನ್ನಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೆ.

1. ಪಟ್ಟಿ ಬಿಡಿ, ಧಾತು ಹಿಡಿಯಿರಿ

ವಿಶ್ವವಿದ್ಯಾಲಯದ ಹೆಬ್ಬಾಗಿಲ ಮುಂದೆ ಲಂಕಾ ಎಂಬ ಪೇಟೆ. ಪರೀಕ್ಷೆ ಪುಸ್ತಕದ ಅಂಗಡಿಗಳು ಅಲ್ಲಿ ಸಾಲಾಗಿವೆ. ಅಲ್ಲಿ ಸಿಗುವ ಫ್ರೇಸಲ್ ವರ್ಬ್ ಪುಸ್ತಕಗಳು ಹೆಚ್ಚಾಗಿ ಬರೀ ಅಕಾರಾದಿ ಪಟ್ಟಿಗಳು. ಉರುಹೊಡೆಯಬಹುದು ನಿಜ, ಬಾಯಿಪಾಠದಲ್ಲಿ ವೇದದ ಹುಡುಗರನ್ನು ಮೀರಿಸುವವರು ಯಾರಿದ್ದಾರೆ? ಆದರೆ ಪಟ್ಟಿಯನ್ನು ಗಡಗಡ ಒಪ್ಪಿಸಿದವನೇ ಮಾತಿನ ಮಧ್ಯೆ ಅದೇ ಪದ ಬಂದಾಗ ಬೆಪ್ಪಾಗಿ ನಿಲ್ಲುತ್ತಾನೆ. ಪಟ್ಟಿಯಲ್ಲಿ ಅರ್ಥ ಇರುತ್ತದೆ, ಆ ಅರ್ಥ ಅಲ್ಲಿಗೆ ಬಂದ ದಾರಿ ಇರುವುದಿಲ್ಲ.

ನಾನು ಶುರು ಮಾಡುವುದು ಸಂಸ್ಕೃತದ 'ಹೃ' ಧಾತುವಿನಿಂದ. ತೆಗೆದುಕೊಳ್ಳುವುದು, ಒಯ್ಯುವುದು ಅದರ ಮೂಲ ಅರ್ಥ. ಬೋರ್ಡಿನ ನಡುವೆ 'ಹಾರ' ಎಂದು ಬರೆದು, ಇದರ ಮುಂದೆ ಏನೇನು ಸೇರಿಸಬಹುದು ಎಂದು ಕೇಳಿದರೆ ಸಾಕು. ಸಂಸ್ಕೃತ ಓದದ ನರ್ಸಿಂಗ್ ಹುಡುಗಿಯರೂ ಕೂಗುತ್ತಾರೆ: ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ವ್ಯಾಕರಣದವನೊಬ್ಬ ಹಿಂದಿನ ಬೆಂಚಿನಿಂದ ಉದ್ಧಾರವನ್ನೂ ಸೇರಿಸುತ್ತಾನೆ. ಊಟ, ಸುತ್ತಾಟ, ಕೊಲೆ, ಏಟು, ನೆರೆ ಬಂದಾಗ ಸರ್ಕಾರ ಕೊಡುವ ದುಡ್ಡು, ಎಲ್ಲದರ ಹೊಟ್ಟೆಯಲ್ಲೂ ಒಂದೇ ಧಾತು. ಇದು ಅನ್ಯಾಯ ಎಂದು ಇದುವರೆಗೆ ಯಾವ ಕನ್ನಡಿಗನೂ ದೂರಿಲ್ಲ. ಆಮೇಲೆ ಪಕ್ಕದಲ್ಲಿ ಟೇಕ್ ಎಂದು ಬರೆದು ಅದರ ಹಿಂದೆ ಇನ್, ಆಫ್, ಓವರ್, ಆನ್, ಡೌನ್, ಬ್ಯಾಕ್, ಆಫ್ಟರ್ ಎಂದು ಜೋಡಿಸುತ್ತೇನೆ. ಹೃ ಮತ್ತು ಟೇಕ್ ಹೆಚ್ಚುಕಡಿಮೆ ಒಂದೇ ಕೆಲಸದ ಪದಗಳು. ಒಂದಕ್ಕೆ ಉಪಸರ್ಗ ಮುಂದೆ, ಇನ್ನೊಂದಕ್ಕೆ ಹಿಂದೆ.

ಟೇಕ್ ಇನ್ ಒಂದನ್ನೇ ಹಿಡಿದು ಕಾಶಿಯಲ್ಲಿ ಅರ್ಧ ದಿನ ಕಳೆಯಬಹುದು. ಛತ್ರದವರು ಯಾತ್ರಿಕರನ್ನು ಒಳಗೆ ಸೇರಿಸಿಕೊಳ್ಳುತ್ತಾರೆ, ಅದು ಟೇಕ್ ಇನ್. ದರ್ಜಿ ದೊಗಲೆ ರವಿಕೆಯನ್ನು ಒಳಗೆ ಹಿಡಿದು ಹೊಲಿಯುತ್ತಾನೆ, ಅದೂ ಟೇಕ್ ಇನ್. ಹೇಳಿದ ಪಾಠ ತಲೆಯೊಳಗೆ ಇಳಿದರೆ ಅದೂ ಅದೇ. ಗೊದೌಲಿಯಾದಲ್ಲಿ ದಲ್ಲಾಳಿಯ ಮಾತು ನಂಬಿ ಪಾಲಿಯೆಸ್ಟರಿಗೆ ರೇಷ್ಮೆಯ ಬೆಲೆ ಕೊಟ್ಟು ಬಂದ ನಮ್ಮೂರಿನ ದೊಡ್ಡಮ್ಮ ಕೂಡ ಇಂಗ್ಲಿಷಿನಲ್ಲಿ ಟೇಕನ್ ಇನ್ ಆದವರೇ. ನಾಲ್ಕೂ ಕಡೆ ಏನೋ ಒಂದು ಒಳಕ್ಕೆ ಹೋಯಿತು: ಜನ, ಬಟ್ಟೆ, ಪಾಠ, ಬಲೆಗೆ ಬಿದ್ದ ದೊಡ್ಡಮ್ಮ. ಹೀಗೆ ಒಂದು ಸಲ ಕಂಡ ಮೇಲೆ ನಾಲ್ಕು ಅರ್ಥಗಳನ್ನು ಬೇರೆ ಬೇರೆ ನೆನಪಿಟ್ಟುಕೊಳ್ಳಬೇಕಿಲ್ಲ.

2. ಯಾಸ್ಕರ ಜಗಳ ಇನ್ನೂ ಮುಗಿದಿಲ್ಲ

ವ್ಯಾಕರಣದ ವಿದ್ಯಾರ್ಥಿಗಳು ಕ್ಲಾಸಿನಲ್ಲಿದ್ದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ಅಪ್ ಅನ್ನೋದಕ್ಕೆ ಅದರದ್ದೇ ಅರ್ಥ ಇದೆಯೋ, ಇಲ್ಲ ಕ್ರಿಯೆಗೆ ಸೇರಿದಾಗ ಮಾತ್ರ ಬರುತ್ತೋ?" ಇದನ್ನು ಕೇಳಿದಾಗ ನನಗೆ ಬಲು ಖುಷಿ. ವೇದದ ಪದಗಳ ಅರ್ಥ ಬಿಡಿಸುವ ಹಳೆಯ ಗ್ರಂಥ, ಯಾಸ್ಕರ ನಿರುಕ್ತದಲ್ಲಿ ಇದೇ ಜಗಳ ಇದೆ. ಬಿಡಿಯಾಗಿ ನಿಂತ ಉಪಸರ್ಗ ಅರ್ಥ ಹೇಳುವುದಿಲ್ಲ ಎಂದು ಶಾಕಟಾಯನ. ಇಲ್ಲ, ಅದಕ್ಕೂ ಬಗೆಬಗೆಯ ಅರ್ಥಗಳಿವೆ ಎಂದು ಗಾರ್ಗ್ಯ. ಯಾಸ್ಕರು ಆಮೇಲೆ ಒಂದೊಂದೇ ಉಪಸರ್ಗವನ್ನು ಎತ್ತಿಕೊಂಡು ಅದರ ಅರ್ಥ ಕೊಡುತ್ತ ಹೋಗುತ್ತಾರೆ. ಇಂದಿನ ಇಂಗ್ಲಿಷ್ ಮೇಷ್ಟ್ರುಗಳೂ ಇದೇ ಎರಡು ಪಂಗಡ. ಫ್ರೇಸಲ್ ವರ್ಬಿಗೆ ತರ್ಕವೇ ಇಲ್ಲ, ಸುಮ್ಮನೆ ಉರುಹೊಡೆಯಿರಿ ಎನ್ನುವವರು ಶಾಕಟಾಯನನ ಕಡೆ. ನಾನು ಗಾರ್ಗ್ಯನ ಕಡೆ, ಪೂರ್ತಿಯಾಗಿ ಅಲ್ಲದಿದ್ದರೂ ಮುಕ್ಕಾಲು ಪಾಲು.

ಅದಕ್ಕೊಂದು ಸಾಕ್ಷಿ ಟೇಕ್ ಆಫ್ಟರ್. ಅಪ್ಪನನ್ನೋ ಅಜ್ಜಿಯನ್ನೋ ಹೋಲುವುದು ಎಂದು ಅದರ ಅರ್ಥ. ಹಿಂದೆ ಎಂಬ ಅರ್ಥದ ಆಫ್ಟರ್ ಎಲ್ಲಿ, ಹೋಲಿಕೆ ಎಲ್ಲಿ? ಆದರೆ 'ಅನು' ಎಂಬ ಉಪಸರ್ಗಕ್ಕೆ ಯಾಸ್ಕರು ಕೊಡುವ ಅರ್ಥಗಳು ಎರಡೇ: ಹೋಲಿಕೆ ಮತ್ತು ಹಿಂದೆ ಇರುವುದು. ಅನುಸರಿಸುವವನು ಹಿಂದೆ ಬರುತ್ತಾನೆ, ಅನುಕರಿಸುವವನು ಹೋಲುತ್ತಾನೆ. ಹಿಂದೆ ಬಂದದ್ದು ಮುಂದಿನದನ್ನು ಹೋಲುತ್ತದೆ ಎಂಬ ಎಣಿಕೆ ಎರಡು ಭಾಷೆಗಳಲ್ಲೂ ಇದೆ. ಇದನ್ನು ಹೇಳಿದ ದಿನ ಟೇಕ್ ಆಫ್ಟರ್ ಯಾರಿಗೂ ಮರೆಯುವುದಿಲ್ಲ.

ಈ ಊರಿನಲ್ಲಿ ಇದು ತೀರ ಹೊಸ ದಾರಿಯೂ ಅಲ್ಲ. 1791ರಲ್ಲಿ ಜೊನಾಥನ್ ಡಂಕನ್ ಶುರು ಮಾಡಿದ ಸಂಸ್ಕೃತ ಕಾಲೇಜಿಗೆ 19ನೇ ಶತಮಾನದ ನಡುವೆ ಮುಖ್ಯಸ್ಥನಾಗಿದ್ದ ಜೇಮ್ಸ್ ಬ್ಯಾಲಂಟೈನ್, ವರದರಾಜರ ಲಘುಕೌಮುದಿಯನ್ನು ಇಂಗ್ಲಿಷಿಗೆ ತಂದ. ಅವನು ಸಂಸ್ಕೃತ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಹೇಳಿದ; ನಾವು ಇಂಗ್ಲಿಷ್ ವ್ಯಾಕರಣವನ್ನು ಸಂಸ್ಕೃತದಿಂದ ಬಿಡಿಸುತ್ತಿದ್ದೇವೆ.

3. ಅಪ್ ಮತ್ತು ಡೌನ್ ಕಲಿಯಲು ಘಾಟಿಗೆ ಹೋಗಿ

ಕೊಠಡಿಯಲ್ಲಿ ಕೂತು ಅಪ್ ಎಂದರೆ ಮೇಲೆ ಎಂದು ಹೇಳಿದರೆ ಅಲ್ಲಿಗೇ ನಿಂತುಬಿಡುತ್ತದೆ. ಘಾಟಿನ ಮೆಟ್ಟಿಲ ಮೇಲೆ ಅದಕ್ಕೆ ಜೀವ ಬರುತ್ತದೆ. ಸ್ನಾನಕ್ಕೆ ಗೋ ಡೌನ್, ಮುಗಿಸಿ ಕಮ್ ಅಪ್. ಇಷ್ಟು ಮಗುವಿಗೂ ಗೊತ್ತು. ತೊಡಕು ದೋಣಿ ಹತ್ತಿದ ಮೇಲೆ. ಕಾಶಿಯಲ್ಲಿ ಗಂಗೆ ಹರಿಯುವುದು ಉತ್ತರಕ್ಕೆ. ಅಸ್ಸಿ ದಕ್ಷಿಣದಲ್ಲಿ, ರಾಜ್ ಘಾಟ್ ಉತ್ತರದಲ್ಲಿ. ಇಂಗ್ಲಿಷಿನಲ್ಲಿ ನದಿಯ ಅಪ್ ಎಂದರೆ ನೀರು ಬರುವ ದಿಕ್ಕು, ಅಂದರೆ ಅಸ್ಸಿಯ ಕಡೆ. ನಕ್ಷೆ ಹಿಡಿದ ಪ್ರವಾಸಿಗೆ ಅಪ್ ಎಂದರೆ ಹಾಳೆಯ ಮೇಲುಗಡೆ, ಅಂದರೆ ರಾಜ್ ಘಾಟ್. ಗೈಡ್ ಕೆಲಸದ ಹುಡುಗ "ವಿ ವಿಲ್ ಗೋ ಅಪ್" ಅಂದಾಗ ಇಬ್ಬರೂ ಎದುರುಬದುರು ದಿಕ್ಕಿಗೆ ನೋಡುತ್ತಾರೆ, ಇಬ್ಬರದೂ ಸರಿ. ಅಪ್ ಎನ್ನುವುದು ಬರೀ ಆಕಾಶದ ಕಡೆಯಲ್ಲ, ಅದಕ್ಕೆ ನೋಡುವವನ ನಿಲುವೂ ಸೇರಿರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮಳೆಗಾಲ ಮಿಕ್ಕದ್ದನ್ನು ಕಲಿಸುತ್ತದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕಮ್ಸ್ ಅಪ್. ದೋಣಿಗಳನ್ನು ಕಟ್ಟಿಹಾಕುತ್ತಾರೆ, ಟೈ ಅಪ್. ದೋಣಿ ವಿಹಾರ ರದ್ದು, ಕಾಲ್ಡ್ ಆಫ್. ದಶಾಶ್ವಮೇಧದ ಆರತಿ ಮೆಟ್ಟಿಲು ಬಿಟ್ಟು ಮಾಳಿಗೆಗೆ ಹೋಗುತ್ತದೆ. ನೆರೆ ಇಳಿದ ಮೇಲೆ ಘಾಟಿನ ತುಂಬ ಆಳುದ್ದ ಹೂಳು. ಪಂಪು ಹಚ್ಚಿ ಅದನ್ನು ತೊಳೆಯುತ್ತಾರೆ, ವಾಷ್ ಆಫ್. ನದಿ ತಾನೇ ಕೊಚ್ಚಿಕೊಂಡು ಹೋದದ್ದಾದರೆ ವಾಷ್ ಅವೇ. ಆಫ್ ಎಂದರೆ ಅಂಟಿದ್ದು ಬಿಟ್ಟಿತು, ಅವೇ ಎಂದರೆ ಇದ್ದದ್ದು ದೂರವಾಯಿತು. ಇನ್ನು ವಾಷ್ ಅಪ್: ಇಂಗ್ಲೆಂಡಿನವರು ಹಾಗೆಂದರೆ ಪಾತ್ರೆ ತೊಳೆಯುವುದು, ಅಮೆರಿಕದವರು ಹಾಗೆಂದರೆ ಕೈ ಮುಖ ತೊಳೆಯುವುದು. ಹೋಟೆಲಿನಲ್ಲಿರುವವರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು.

4. ನಮ್ಮ 'ಬಿಡು', 'ಇಡು', 'ಕೊಳ್ಳು'ಗಳನ್ನು ಮರೆಯಬೇಡಿ

ಸಂಸ್ಕೃತದ ಗಾಳಿಯೇ ಇಲ್ಲದ ಹುಡುಗರಿಗೆ ಮೇಲಿನದೆಲ್ಲ ಪಂಡಿತರ ಮಾತಾಗಿ ಕೇಳಬಹುದು. ಅವರಿಗೆ ಕನ್ನಡವೇ ಸಾಕು. ತಿನ್ನು ಬೇರೆ, ತಿಂದುಬಿಡು ಬೇರೆ. ಈಟ್ ಬೇರೆ, ಈಟ್ ಅಪ್ ಬೇರೆ. ಬರೆ ಎಂದರೆ ರೈಟ್, ಬರೆದಿಡು ಎಂದರೆ ರೈಟ್ ಡೌನ್. ಓಡು ಎಂದರೆ ರನ್, ಓಡಿಹೋಗು ಎಂದರೆ ರನ್ ಅವೇ. ನೋಡು ಎಂದರೆ ಲುಕ್, ನೋಡಿಕೋ ಎಂದರೆ ಲುಕ್ ಆಫ್ಟರ್. ಇಂಗ್ಲಿಷ್ ಒಂದು ಕಿರುಪದದಿಂದ ಮಾಡಿಸುವ ಕೆಲಸವನ್ನು ಕನ್ನಡ ಇನ್ನೊಂದು ಕ್ರಿಯಾಪದದಿಂದ ಮಾಡಿಸುತ್ತದೆ. ಹಿಂದಿಯೂ ಅಷ್ಟೇ. ಇಲ್ಲಿನ ಚಹಾದಂಗಡಿಯಲ್ಲಿ 'ಪೀ ಲೋ', ಪಾಠಶಾಲೆಯಲ್ಲಿ 'ಲಿಖ್ ಲೋ', ಕಸ ಕಂಡರೆ 'ಫೇಂಕ್ ದೋ'. ಕುಲ ಬೇರೆಯಾದ ಎರಡು ಭಾಷೆಗಳು ಈ ಒಂದು ಗುಣದಲ್ಲಿ ದಾಯಾದಿಗಳಂತಿವೆ. ನಮ್ಮ ಹುಡುಗರು ಕಾಶಿಯ ಹಿಂದಿಯನ್ನು ಬೇಗ ಹಿಡಿಯುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಂದಾಜು.

ಗಿವ್ ಇನ್ ಅರ್ಥವಾಗುವುದಿಲ್ಲ ಎಂದು ಗೋಳಾಡುವವರಿಗೆ 'ಬಿಟ್ಟುಕೊಡು' ಎಂಬುದನ್ನು ಬಿಡಿಸಿ ಹೇಳಿ ಎನ್ನುತ್ತೇನೆ. ಬಿಡುವುದೂ ಇದೆ, ಕೊಡುವುದೂ ಇದೆ, ಎರಡನ್ನು ಕೂಡಿಸಿದರೆ ಸೋಲೊಪ್ಪಿಕೊಳ್ಳುವುದು ಹೇಗಾಯಿತು? ಕೈಬಿಡು, ಕೈಹಿಡಿ, ಕೈಕೊಡು, ಮೂರರಲ್ಲೂ ಕೈ ಇದೆ. ಕೈಕೊಟ್ಟವನು ಮೋಸ ಮಾಡಿದವನು ಹೇಗಾದ? ಕನ್ನಡ ಕಲಿಯಲು ಕೂತ ವಿದೇಶಿ ಪಡುವ ಪಾಡು ಒಂದು ಕ್ಷಣ ಕಂಡರೆ ಇಂಗ್ಲಿಷಿನ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಒಂದು ಎಚ್ಚರಿಕೆ. 'ಬಿಡು'ವಿಗೆ ಅಪ್ ಎಂದು ಕಣ್ಣು ಮುಚ್ಚಿ ಹಾಕಬಾರದು. ನಮ್ಮ 'ಬಿಡು'ವಿನಲ್ಲಿ ಮುಗಿಸುವುದರ ಜೊತೆಗೆ ಪೇಚಾಟವೂ ಇದೆ, ದಿಗಿಲೂ ಇದೆ. ಮೆಟ್ಟಿಲ ಮೇಲೆ ಬಿದ್ದುಬಿಟ್ಟವನು ಇಂಗ್ಲಿಷಿನಲ್ಲಿ ಫೆಲ್ ಡೌನ್ ಆಗುತ್ತಾನೆ. ಅವನ ಪೇಚಾಟವನ್ನು ಇಂಗ್ಲಿಷ್ ಬೇರೆ ಕಡೆ ಹೇಳಬೇಕು.

5. ಕಿರುಪದ ಎಲ್ಲಿ ಕೂರಬೇಕು

ತಪ್ಪು ಹೆಚ್ಚು ಆಗುವುದು ಇಲ್ಲೇ. "ಟೇಕ್ ಆಫ್ ದಿ ಶೂಸ್" ಸರಿ, "ಟೇಕ್ ದಿ ಶೂಸ್ ಆಫ್" ಕೂಡ ಸರಿ. ಆದರೆ ಶೂಸ್ ಬದಲು ದೆಮ್ ಬಂದರೆ "ಟೇಕ್ ದೆಮ್ ಆಫ್" ಒಂದೇ ಸರಿ. ಸರ್ವನಾಮ ಬಂದರೆ ಅದನ್ನು ನಡುವೆಯೇ ಕೂರಿಸಬೇಕು. ಕನ್ನಡದಲ್ಲಿ 'ಬಿಟ್ಟು' ಮತ್ತು 'ಕೊಡು'ಗಳ ನಡುವೆ ಚಪ್ಪಲಿ ತಂದಿಡುವುದು ನಮ್ಮ ಕಿವಿಗೆ ಒಗ್ಗದ ಮಾತು, ಅದಕ್ಕೇ ಬಾಯಿ ತಡವರಿಸುತ್ತದೆ.

ಋಗ್ವೇದ ಓದುವವರು ಮಾತ್ರ ತಡವರಿಸುವುದಿಲ್ಲ. ಲೋಕದ ಸಂಸ್ಕೃತದಲ್ಲಿ ಉಪಸರ್ಗ ಧಾತುವಿಗೆ ಮುಂದೆ ಅಂಟಿಕೊಂಡೇ ಇರಬೇಕು. ವೇದದಲ್ಲಿ ಹಾಗಲ್ಲ: ಅದು ಧಾತುವಿನ ಆಚೆಗೂ ಬರಬಹುದು, ನಡುವೆ ಬೇರೆ ಪದಗಳನ್ನು ಬಿಟ್ಟುಕೊಂಡು ದೂರವೂ ನಿಲ್ಲಬಹುದು. ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಪಾಣಿನಿ ಈ ಎರಡಕ್ಕೂ ಬೇರೆ ಬೇರೆ ಸೂತ್ರ ಮಾಡಿದ್ದಾನೆ. ಋಗ್ವೇದದ ಮೊದಲ ಸೂಕ್ತವೇ ತೆಗೆದುಕೊಳ್ಳಿ. ಅದರ ಏಳನೆಯ ಮಂತ್ರದ ಮೊದಲ ಪದ 'ಉಪ', ಅದು ಸೇರಬೇಕಾದ ಕ್ರಿಯೆ 'ಏಮಸಿ' ಕಟ್ಟಕಡೆಯಲ್ಲಿದೆ. ದಿನವೂ ಇದನ್ನು ಹೇಳುವ ಹುಡುಗನಿಗೆ ಟೇಕ್ ಮತ್ತು ಆಫ್ ನಡುವೆ ಒಂದು ಜೊತೆ ಶೂ ಇರುವುದು ಏನು ಮಹಾ?

ಎಲ್ಲವೂ ಹೀಗೆ ಬಿಡಿಸಿಕೊಳ್ಳುವುದಿಲ್ಲ ಎಂಬುದನ್ನೂ ಅವರೇ ಬೇಗ ಹಿಡಿಯುತ್ತಾರೆ. "ರ್‍ಯಾನ್ ಅಪ್ ಎ ಬಿಲ್" ಅಂದರೆ ಸಾಲದ ಲೆಕ್ಕ ಬೆಳೆಸಿದ. ಇಲ್ಲಿ ಅಪ್ ಕ್ರಿಯೆಗೆ ಸೇರಿದ್ದು, "ರ್‍ಯಾನ್ ಇಟ್ ಅಪ್" ಎನ್ನಬಹುದು. "ರ್‍ಯಾನ್ ಅಪ್ ದಿ ಸ್ಟೆಪ್ಸ್" ಅಂದರೆ ಮೆಟ್ಟಿಲು ಹತ್ತಿ ಓಡಿದ. ಇಲ್ಲಿ ಅಪ್ ಸೇರಿರುವುದು ಮೆಟ್ಟಿಲಿಗೆ, ನಡುವೆ ಏನನ್ನೂ ತುರುಕುವಂತಿಲ್ಲ. ಉಪಸರ್ಗ ಬೇರೆ, ನಾಮಪದಕ್ಕೆ ಸಂಬಂಧಿಸಿದ ಕರ್ಮಪ್ರವಚನೀಯ ಬೇರೆ ಎಂದು ಪಾಣಿನಿ ಗೆರೆ ಎಳೆದದ್ದು ಇಂಥ ಕಡೆಯೇ. ಲುಕ್ ಆಫ್ಟರ್, ಟೇಕ್ ಆಫ್ಟರ್, ಲುಕ್ ಅಟ್ ಇವು ಬಿಡಿಸಲಾಗದವು. ನಿಯಮ ನೆನಪಿಲ್ಲದವರು ಇಟ್ ಹಾಕಿ ಗಟ್ಟಿಯಾಗಿ ಹೇಳಿ ನೋಡಲಿ, ಬಳಕೆ ಹೆಚ್ಚಿದಂತೆ ಕಿವಿಯೇ ತೀರ್ಪು ಕೊಡುತ್ತದೆ.

6. ಸ್ವರ

ವೇದದ ಹುಡುಗರಿಗೆ ಇದನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. "ಪ್ಲೀಸ್ ಚೆಕ್ ಇನ್" ಎನ್ನುವಾಗ ಒತ್ತು ಇನ್ ಮೇಲೆ. "ಚೆಕ್-ಇನ್ ಟೈಮ್" ಎನ್ನುವಾಗ ಒತ್ತು ಚೆಕ್ ಮೇಲೆ. ಕ್ರಿಯೆಯಾದರೆ ಕಿರುಪದಕ್ಕೆ, ಹೆಸರಾದರೆ ಮೊದಲಿಗೆ. ಉದಾತ್ತ ಅನುದಾತ್ತ ತಪ್ಪಿದರೆ ಗುರುಗಳು ಬಿಡುತ್ತಾರೆಯೇ? ಕೌಂಟರಿನ ಹುಡುಗರಿಗೆ ಹೇಳುವುದು ಇನ್ನೂ ಸುಲಭ: ಬಾಬತ್‌ಪುರದ ವಿಮಾನ ನಿಲ್ದಾಣಕ್ಕೆ ಹೋಗಿ ಕೂತು ಕೇಳಿಸಿಕೊಳ್ಳಿ, ಟೇಕ್ ಆಫ್, ಚೆಕ್ ಇನ್, ಪಿಕ್ ಅಪ್ ಎರಡೂ ಸ್ವರದಲ್ಲಿ ಕಿವಿಗೆ ಬೀಳುತ್ತಲೇ ಇರುತ್ತವೆ.

7. ಎರಡು ಕಿರುಪದ ಒಟ್ಟಿಗೆ ಬಂದರೆ

ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳುವುದು. ಕಮ್ ಅಪ್ ವಿತ್ ಅಂದರೆ ಹೊಳೆಸಿಕೊಂಡು ಮುಂದಿಡುವುದು. ಗೆಟ್ ಅವೇ ವಿತ್ ಅಂದರೆ ತಪ್ಪು ಮಾಡಿಯೂ ದಕ್ಕಿಸಿಕೊಳ್ಳುವುದು. ಹೆದರುವವರಿಗೆ ಮತ್ತೆ ಹೃ ಧಾತುವನ್ನೇ ತೋರಿಸುತ್ತೇನೆ: ಉಪಸಂಹಾರದಲ್ಲಿ ಎರಡು ಉಪಸರ್ಗ, ವ್ಯವಹಾರದಲ್ಲಿ ಎರಡು, ಬೆಂಗಳೂರಿನ ದರ್ಶಿನಿಯ ಬೋರ್ಡಿನ ಉಪಾಹಾರದಲ್ಲೂ ಎರಡು. ಆದರೆ ಪುಟ್ ಅಪ್ ವಿತ್ ತರಹದವನ್ನು ಬಿಡಿಸಲು ಹೋಗದೆ ಇಡಿಯಾಗಿಯೇ ನುಂಗುವುದು ಮೇಲು. ಶಾಕಟಾಯನನಿಗೆ ನಾನು ಬಿಟ್ಟುಕೊಡುವ ಕಾಲು ಪಾಲು ಇದು.

8. ಎಷ್ಟು ಕಲಿತರೆ ಸಾಕು

ಸಾವಿರಗಟ್ಟಲೆ ಬೇಡವೇ ಬೇಡ. ಹತ್ತು ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಸಂಗ್ರಹವನ್ನು ಜಾಲಾಡಿ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವೀಸ್ 2007ರಲ್ಲಿ ಒಂದು ಲೆಕ್ಕ ಕೊಟ್ಟರು. ಬರೀ 20 ಕ್ರಿಯಾಪದಗಳು, 8 ಕಿರುಪದಗಳು, ಇವುಗಳ ಜೋಡಣೆಯಲ್ಲೇ ಒಟ್ಟು ಬಳಕೆಯ ಅರ್ಧಕ್ಕಿಂತ ಹೆಚ್ಚು ಮುಗಿದುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಬರುವುದು ಗೋ ಆನ್; ಕ್ಯಾರಿ ಔಟ್, ಸೆಟ್ ಅಪ್, ಪಿಕ್ ಅಪ್ ಅದರ ಬೆನ್ನಿಗೇ ಇವೆ. 2015ರಲ್ಲಿ ಮೆಲೋಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ ಹೆಚ್ಚು ಬಳಕೆಯ 150ನ್ನು ಹಿಡಿದು, ನಿಘಂಟುಗಳು ಒಂದೊಂದಕ್ಕೂ ಸರಾಸರಿ ಐದಕ್ಕಿಂತ ಹೆಚ್ಚು ಅರ್ಥ ಕೊಟ್ಟರೂ ಜನರ ಬಾಯಲ್ಲಿ ನಿಜವಾಗಿ ಓಡಾಡುವುದು ಸರಾಸರಿ ಎರಡಕ್ಕಿಂತ ಕಡಿಮೆ ಎಂದು ತೋರಿಸಿದರು. ಪಾಣಿನಿಯ ಸಂಪ್ರದಾಯದಲ್ಲಿ ಉಪಸರ್ಗಗಳು 22. ಅವನ್ನು ಕಲಿತ ಹುಡುಗನಿಗೆ ಇನ್ನು 8 ಭಾರವಲ್ಲ. ಪಟ್ಟಿಯ ಪುಸ್ತಕ ಕೊಳ್ಳಲು ಎತ್ತಿಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ನಿಘಂಟು ಕೊಳ್ಳಲಿ.

9. ಯಾರ ಮುಂದೆ, ಎಲ್ಲಿ

ಸಂಸ್ಕೃತ ಓದಿದವರಿಗೆ ಇಂಗ್ಲಿಷಿನಲ್ಲೂ ತೂಕದ ಪದಗಳೇ ಇಷ್ಟ. ಪೋಸ್ಟ್‌ಪೋನ್, ಟಾಲರೇಟ್, ಟರ್ಮಿನೇಟ್. ಅರ್ಜಿಯಲ್ಲಿ ಸರಿ, ಮಾತಿನಲ್ಲಿ ಅದು ಮನೆಯೊಳಗೆ ಭಾಷಣ ಮಾಡಿದ ಹಾಗಾಗುತ್ತದೆ. 'ಸ್ಥಗಿತಗೊಳಿಸು' ಎನ್ನುವ ಕಡೆ 'ನಿಲ್ಲಿಸು' ಎನ್ನುವುದು ನಮಗೆ ಗೊತ್ತು. ಪೋಸ್ಟ್‌ಪೋನ್ ಮತ್ತು ಪುಟ್ ಆಫ್ ನಡುವೆ ಇರುವುದೂ ಅದೇ ಅಂತರ.

ಹೊರದೇಶದ ಕೆಲಸಕ್ಕೆಂದು ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುವ ನರ್ಸಿಂಗ್ ಹುಡುಗಿಯರಿಗೆ ಇದು ಬರೀ ಸೊಗಸಿನ ಮಾತಲ್ಲ. ಅವರ ಪಠ್ಯಪುಸ್ತಕ ಲ್ಯಾಟಿನ್ ಮೂಲದ ಪದಗಳಲ್ಲಿದೆ, ರೋಗಿ ಮಾತಾಡುವುದು ಫ್ರೇಸಲ್ ವರ್ಬುಗಳಲ್ಲಿ. ವಾಂತಿಯಾಯಿತು ಎನ್ನಲು ಥ್ರೂ ಅಪ್, ಊದಿಕೊಂಡಿತು ಎನ್ನಲು ಸ್ವೆಲ್ಡ್ ಅಪ್, ಎಚ್ಚರ ತಪ್ಪಿತು ಎನ್ನಲು ಪಾಸ್ಡ್ ಔಟ್, ಎಚ್ಚರ ಬಂತು ಎನ್ನಲು ಕೇಮ್ ರೌಂಡ್. ಇವನ್ನು ನಾನು ಮೊದಲ ವಾರದಲ್ಲೇ ಕಲಿಸುತ್ತೇನೆ.

ಗಲ್ಲಿಗಳಲ್ಲಿ ಕಾಣುವ "ಪುಟ್ ಆಫ್ ಯುವರ್ ಶೂಸ್" ಬೋರ್ಡನ್ನು ನೋಡಿ ನಗುವ ಹುಡುಗರಿಗೆ ಸ್ವಲ್ಪ ತಡೆಯಿರಿ ಎನ್ನುತ್ತೇನೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ದೇವರು ಮೋಶೆಗೆ ಪಾದರಕ್ಷೆ ಕಳಚು ಎಂದಾಗ ಬಳಸಿದ್ದು ಪುಟ್ ಆಫ್ ಎಂಬುದನ್ನೇ. ಬೋರ್ಡು ತಪ್ಪಲ್ಲ, ನಾನೂರು ವರ್ಷ ಹಳೆಯದು. ಈಗಿನವರಿಗೆ ಅದು ಚಪ್ಪಲಿಯನ್ನು ಮುಂದೂಡಿ ಎಂದು ಕೇಳಿಸುತ್ತದೆ, ಹಾಗಾಗಿ ಟೇಕ್ ಆಫ್ ಎಂದು ಬರೆಯಿರಿ.

ಹಾಗೆಯೇ ನಮ್ಮ ದೇಶದ ಇಂಗ್ಲಿಷಿನಲ್ಲಿ ಎಲ್ಲರೂ ಕಾಲೇಜಿನಿಂದ ಪಾಸ್ ಔಟ್ ಆಗುತ್ತಾರೆ. ಸೈನ್ಯದಲ್ಲಿ ತರಬೇತಿ ಮುಗಿದಾಗ ನಡೆಯುವ ಪಾಸಿಂಗ್ ಔಟ್ ಪರೇಡಿನಲ್ಲಿ ಆ ಅರ್ಥ ಇವತ್ತಿಗೂ ಉಳಿದಿದೆ. ಆದರೆ ಅಮೆರಿಕದ ಆಸ್ಪತ್ರೆಗೆ ಅರ್ಜಿ ಹಾಕುವ ಹುಡುಗಿ ಬನಾರಸಿನಲ್ಲಿ ಪಾಸ್ಡ್ ಔಟ್ ಎಂದು ಬರೆದರೆ ಓದಿದವರಿಗೆ ಆಕೆ ಸೆಕೆಗೆ ಎಚ್ಚರ ತಪ್ಪಿ ಬಿದ್ದದ್ದು ಕಾಣಿಸುತ್ತದೆ. ಗ್ರ್ಯಾಜುಯೇಟೆಡ್ ಎಂದು ಬರೆಯಬೇಕು. ಊರವರೊಡನೆ ಮಾತಾಡುವಾಗ ಪಾಸ್ ಔಟ್ ಇರಲಿ. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದ ಮೇಷ್ಟ್ರೊಬ್ಬರು ವಿಚಾರಿಸುವ "ವೇರ್ ಆರ್ ಯು ಪುಟಿಂಗ್ ಅಪ್?" ಎಂಬುದೂ ಇರಲಿ. ಅದಕ್ಕೆ ಉತ್ತರ ಹೇಳುವಾಗ ಪುಟ್ ಬೇಡ, "ಐ ಆಮ್ ಸ್ಟೇಯಿಂಗ್ ನಿಯರ್ ಹನುಮಾನ್ ಘಾಟ್" ಎಂದರೆ ಮುಗಿಯಿತು.